ಅಂಗೈ ಗಣಕಕ್ಕೆ ಜಿಪಿಎಸ್ ರಿಸೀವರ್

ಉಪಗ್ರಹಗಳ ನೆರವಿನಿಂದ ದಾರಿ ತಿಳಿಯುವ ಸೌಲಭ್ಯವನ್ನು ಜನಸಾಮಾನ್ಯರ ಕೈಗೆ ತಲುಪಿಸಿದ ಆರಂಭದ ಸಾಧನಗಳಲ್ಲಿ ಅಂಗೈ ಗಣಕಕ್ಕೆ ಜೋಡಿಸುವ ಜಿಪಿಎಸ್ ರಿಸೀವರ್ ಒಂದು. ನಾಗರಿಕ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರಕಾರವು 2000ದ ಮೇ ತಿಂಗಳಲ್ಲಿ ಕೈಬಿಟ್ಟಿತು. ಇದರಿಂದ ಇಂತಹ ಸಾಧನಗಳ ಉಪಯುಕ್ತತೆ ಬಹಳ ಹೆಚ್ಚಿತು.

ಈ ಪುಟ್ಟ ರಿಸೀವರನ್ನು ಪಾಕೆಟ್ ಪಿಸಿಯ ಕಾಂಪ್ಯಾಕ್ಟ್ ಫ್ಲ್ಯಾಶ್ ಸ್ಲಾಟಿಗೆ ಸಿಕ್ಕಿಸಿ, ಆಕಾಶ ಕಾಣುವೆಡೆ ಕೆಲವು ನಿಮಿಷ ಕಾಯಬೇಕಿತ್ತು. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ದೊರೆತರೆ ಅಕ್ಷಾಂಶ, ರೇಖಾಂಶ ಮತ್ತು ಎತ್ತರ ತಿಳಿಯುತ್ತಿದ್ದವು. ಆದರೆ ರಿಸೀವರ್ ನೀಡುವುದು ಅಂಕಿಗಳನ್ನು ಮಾತ್ರ. ಊರು, ಬೀದಿ ಕಾಣಲು ನಕ್ಷೆ ಬೇಕು.

ತೊಡಕು ಇದ್ದುದು ಇಲ್ಲಿಯೇ. ಒಂದೇ ಸ್ಲಾಟ್ ಇರುವ ಯಂತ್ರದಲ್ಲಿ ರಿಸೀವರ್ ಕುಳಿತರೆ ಮೆಮೊರಿ ಕಾರ್ಡಿಗೆ ಜಾಗವಿಲ್ಲ. ನಕ್ಷೆಯನ್ನು ಯಂತ್ರದ ಸ್ಮೃತಿಯಲ್ಲೇ ಇಡಬೇಕು. ರಿಸೀವರ್ ಬಳಸುತ್ತಿದ್ದುದೂ ಅದೇ ಯಂತ್ರದ ಬ್ಯಾಟರಿಯನ್ನು. ಅದು ಪೂರ್ತಿ ಬರಿದಾದರೆ, 2005ರ ವಿಂಡೋಸ್ ಮೊಬೈಲ್ 5ಕ್ಕಿಂತ ಹಿಂದಿನ ಪಾಕೆಟ್ ಪಿಸಿಗಳಲ್ಲಿ ಸ್ಮೃತಿಯೇ ಅಳಿಸಿಹೋಗುತ್ತಿತ್ತು. ಪರಊರಿನಲ್ಲಿ ದಾರಿಯೂ, ದಾರಿ ಕೇಳಲು ಬರೆದಿಟ್ಟ ದೂರವಾಣಿ ಸಂಖ್ಯೆಯೂ ಒಟ್ಟಿಗೆ ಕೈತಪ್ಪುತ್ತಿದ್ದವು. ಹೀಗಾಗಿ ಕಾರಿನ ಚಾರ್ಜರ್ ಹಾಗೂ ಕಾಗದದ ನಕ್ಷೆ ಜೊತೆಗಿರುವುದು ಅವಶ್ಯವಾಗಿತ್ತು.

ಜಿಪಿಎಸ್ ಮೊಬೈಲಿನೊಳಗೇ ಸೇರಿದ ಮೇಲೆ ಈ ರಿಸೀವರ್ ಮರೆಯಾಯಿತು. ಬ್ಯಾಟರಿ ಮುಗಿದರೆ ಇಂದು ನಕ್ಷೆ ಅಳಿಯುವುದಿಲ್ಲ. ಆದರೂ ಹೋಗಬೇಕಾದ ವಿಳಾಸವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು.