ತಡೆಹಿಡಿಯಲಾಗಿದೆ: ಕಳಸಾ–ಬಂಡೂರಿ ಅನುಮತಿಗಳ ಚರಿತ್ರೆ

ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಕಡೆ ಹೋಗುವ ರಸ್ತೆಯಲ್ಲಿ ಕಣಕುಂಬಿ ಸಿಗುತ್ತದೆ. ಖಾನಾಪುರ ತಾಲ್ಲೂಕಿನ ಈ ಸಣ್ಣ ಊರು ಮಲಪ್ರಭೆಯ ತವರು. ಇಲ್ಲಿ ಹುಟ್ಟಿದ ಹೊಳೆ ಪೂರ್ವಕ್ಕೆ ಹೊರಳಿ, ಖಾನಾಪುರ ಹಾದು, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟೆಯೊಳಗೆ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಅದೇ ಕಣಕುಂಬಿಯ ಕಳಸಾ ಹಳ್ಳ ಪಶ್ಚಿಮದ ಇಳಿಜಾರಿಗೆ ಬಿದ್ದು ಮಹದಾಯಿಯನ್ನು ಸೇರುತ್ತದೆ. ಮಹದಾಯಿ ಹುಟ್ಟುವುದು ಇದೇ ತಾಲ್ಲೂಕಿನ ದೇಗಾಂವದಲ್ಲಿ. ಘಟ್ಟ ಇಳಿದ ಮೇಲೆ ಅದು ಗೋವೆಯ ಮಾಂಡೋವಿ; ಪಣಜಿಯ ಪಕ್ಕದಲ್ಲಿ ಅರಬ್ಬೀ ಸಮುದ್ರ. ಒಂದೇ ಮಳೆಯ ನೀರು ಯಾವ ಕಡಲಿಗೆ ಹೋಗಬೇಕೆಂಬುದನ್ನು ಇಲ್ಲಿ ಒಂದು ಸಣ್ಣ ದಿಬ್ಬ ತೀರ್ಮಾನಿಸುತ್ತದೆ.

ಆ ದಿಬ್ಬದ ತೀರ್ಮಾನವನ್ನು ಸ್ವಲ್ಪ ಬದಲಿಸೋಣ ಎನ್ನುವುದೇ ಕಳಸಾ–ಬಂಡೂರಿ ಯೋಜನೆ. ಕಣಕುಂಬಿಯ ಕಳಸಾ ಹಳ್ಳ, ನೇರಸಾ ಊರಿನ ಹತ್ತಿರದ ಬಂಡೂರಿ ಹಳ್ಳ, ಈ ಎರಡರ ನೀರಿನ ಒಂದು ಪಾಲನ್ನು ಮಲಪ್ರಭೆಗೆ ತಿರುಗಿಸಿ ಹುಬ್ಬಳ್ಳಿ–ಧಾರವಾಡಕ್ಕೂ ಮಲಪ್ರಭೆಯ ದಂಡೆಯ ಊರುಗಳಿಗೂ ಕುಡಿಯಲು ಕೊಡಬೇಕು. ಹೇಳಲು ಇಷ್ಟು ಸರಳ. ಆದರೆ ಈ ಯೋಜನೆಯ ಚರಿತ್ರೆ ಬರೆಯಲು ಕೂತರೆ ಅಣೆಕಟ್ಟು, ಕಾಲುವೆಗಳಿಗಿಂತ ಹೆಚ್ಚಾಗಿ ಕಾಗದಗಳೇ ಎದುರಾಗುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಪದ ಒಂದೇ: ‘ತಡೆಹಿಡಿಯಲಾಗಿದೆ’.

ಬಯಲುಸೀಮೆಗೆ ಈ ನೀರಿನ ಮೇಲೆ ಇಷ್ಟು ಹಂಬಲ ಯಾಕೆ ಎಂಬುದನ್ನು ಮೊದಲು ನೋಡಬೇಕು. ನವಿಲುತೀರ್ಥದ ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ. ಆದರೆ ಅದು ತುಂಬುವ ವರ್ಷಗಳಿಗಿಂತ ತುಂಬದ ವರ್ಷಗಳೇ ಹೆಚ್ಚು ಎಂಬುದು ಆ ಭಾಗದ ರೈತರ ಹಳೆಯ ದೂರು. ಕಾಲುವೆ ಬಂದರೂ ನೀರು ಸರಿಯಾಗಿ ಬಾರದ ಹೊಲಗಳಿಗೆ ಸರ್ಕಾರ ಅಭಿವೃದ್ಧಿ ಕರ ಹೇರಿದ್ದಕ್ಕೆ ರೈತರು ಎದ್ದು ನಿಂತರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಕರ್ನಾಟಕದ ರೈತ ಚಳವಳಿಗೆ ಹೊಸ ಕಸುವು ಬಂದದ್ದು ಆ ದಿನದಿಂದ. ಅದೇ ನರಗುಂದದಲ್ಲಿ 2015ರ ಜುಲೈಯಲ್ಲಿ ಮಹದಾಯಿಗಾಗಿ ಧರಣಿ ಶುರುವಾಯಿತು. ಅದು ವರ್ಷಗಟ್ಟಲೆ ನಡೆಯಿತು. ಕಣಕುಂಬಿಯ ಹಳ್ಳವನ್ನು ಕಣ್ಣಾರೆ ಕಾಣದವರೂ ಅದರ ಹೆಸರು ಹಿಡಿದು ರಸ್ತೆಯಲ್ಲಿ ಕೂತರು.

ಇನ್ನು ಕಾಗದಗಳ ಕತೆ. 2002ರ ಏಪ್ರಿಲ್ 30ರಂದು ಕೇಂದ್ರದ ಜಲಸಂಪನ್ಮೂಲ ಸಚಿವಾಲಯ 7.56 ಟಿಎಂಸಿ ತಿರುಗಿಸಲು ತಾತ್ವಿಕ ಒಪ್ಪಿಗೆ ಕೊಟ್ಟಿತು. ಗೋವಾ ಆಕ್ಷೇಪಿಸಿತು, ನ್ಯಾಯಮಂಡಳಿ ಬೇಕೆಂದು ಕೇಳಿತು. ಅದೇ ವರ್ಷದ ಸೆಪ್ಟೆಂಬರ್ 19ರಂದು ಆ ಒಪ್ಪಿಗೆಯನ್ನು ತಡೆಹಿಡಿಯಲಾಯಿತು. ಗಮನಿಸಿ, ರದ್ದು ಮಾಡಲಿಲ್ಲ. ರದ್ದು ಮಾಡಿದ್ದರೆ ಕಾರಣ ಹೇಳಬೇಕಿತ್ತು, ಕರ್ನಾಟಕ ಆ ಕಾರಣವನ್ನು ಪ್ರಶ್ನಿಸಬಹುದಿತ್ತು. ಒಪ್ಪಿಗೆಯನ್ನು ಉಳಿಸಿಕೊಂಡಿದ್ದರೆ ಗೋವಾ ಅದನ್ನು ಪ್ರಶ್ನಿಸಬಹುದಿತ್ತು. ತಡೆಹಿಡಿದ ಕಾಗದದ ಜೊತೆ ಇಬ್ಬರೂ ಏನೂ ಮಾಡುವಂತಿಲ್ಲ, ಕಾಯಬೇಕು ಅಷ್ಟೆ.

ಕಾಯಲು ರಾಜಕಾರಣ ಒಪ್ಪಲಿಲ್ಲ. 2006ರಲ್ಲಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಕಣಕುಂಬಿಯಲ್ಲಿ ಶಂಕುಸ್ಥಾಪನೆ ಮಾಡಿದರು. ಕಳಸಾದಿಂದ ಮಲಪ್ರಭೆಗೆ ಸೇರಿಸುವ ಕಾಲುವೆಯ ಕೆಲಸ ಶುರುವಾಯಿತು. ಗೋವಾ ಸುಪ್ರೀಂ ಕೋರ್ಟಿಗೆ ಹೋಯಿತು. 2010ರ ನವೆಂಬರಿನಲ್ಲಿ ನ್ಯಾಯಮೂರ್ತಿ ಜೆ.ಎಂ. ಪಾಂಚಾಲ್ ಅಧ್ಯಕ್ಷತೆಯ ಮಹದಾಯಿ ಜಲವಿವಾದ ನ್ಯಾಯಮಂಡಳಿ ರಚನೆಯಾಯಿತು. 2014ರ ಏಪ್ರಿಲಿನಲ್ಲಿ ಮಂಡಳಿಯ ಮುಂದೆ ಕರ್ನಾಟಕ ನೀರು ತಿರುಗಿಸುವುದಿಲ್ಲವೆಂದು ಮಾತು ಕೊಡಬೇಕಾಯಿತು, ಅಗೆದ ಕಾಲುವೆಗೆ ಅಡ್ಡಗೋಡೆ ಕಟ್ಟಬೇಕಾಯಿತು. 2016ರ ಜುಲೈ 27ರಂದು 7 ಟಿಎಂಸಿಯ ಮಧ್ಯಂತರ ಬೇಡಿಕೆ ತಿರಸ್ಕೃತವಾದಾಗ ಉತ್ತರ ಕರ್ನಾಟಕ ಹೊತ್ತಿಕೊಂಡಿತು.

ಅಂತಿಮ ತೀರ್ಪು 2018ರ ಆಗಸ್ಟ್ 14ರಂದು ಬಂತು. ಮಹದಾಯಿ ಕಣಿವೆಯ ವಿಸ್ತಾರ 2,032 ಚದರ ಕಿ.ಮೀ.; ಅದರಲ್ಲಿ 375 ಕರ್ನಾಟಕದ್ದು, 77 ಮಹಾರಾಷ್ಟ್ರದ್ದು, ಉಳಿದ 1,580 ಗೋವೆಯದು. ನಾಲ್ಕರಲ್ಲಿ ಮೂರು ವರ್ಷ ನೆಚ್ಚಬಹುದಾದ ನೀರು 188.06 ಟಿಎಂಸಿ ಎಂದು ಮಂಡಳಿ ಲೆಕ್ಕ ಹಾಕಿತು. ಕರ್ನಾಟಕಕ್ಕೆ ಸಿಕ್ಕದ್ದು 13.42. ಆದರೆ ಅದರಲ್ಲಿ 8.02 ಜಲವಿದ್ಯುತ್ತಿಗೆ, ಅಂದರೆ ಬಳಸಿ ಹೊಳೆಗೇ ಬಿಡಬೇಕಾದ ನೀರು, 1.5 ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ. ಇದು ಹೊಳೆಯ ಒಟ್ಟು ನೀರಿನಲ್ಲಿ ನೂರಕ್ಕೆ ಎರಡು ಪಾಲಿನಷ್ಟು. ಎರಡು ಪಾಲಿಗೆ ಇಷ್ಟೊಂದು ಗಲಾಟೆಯೇ ಎಂದು ನಮ್ಮವರು ಕೇಳುತ್ತಾರೆ. ನೀರನ್ನು ವರ್ಷದ ಲೆಕ್ಕದಲ್ಲಿ ಅಳೆಯಬೇಡಿ, ಬೇಸಿಗೆಯಲ್ಲಿ ಹೊಳೆ ಬದುಕುವುದು ತಲೆಯ ಒರತೆಗಳಿಂದ, ಅದು ಸೊರಗಿದರೆ ಕೆಳಗೆ ಸಮುದ್ರದ ಉಪ್ಪು ಮೇಲೇರಿ ಬರುತ್ತದೆ ಎಂದು ಗೋವೆಯವರು ಹೇಳುತ್ತಾರೆ. ಎರಡೂ ಕಡೆಯ ಮಾತು ಪರೀಕ್ಷೆಗೆ ಯೋಗ್ಯವಾದವು. ಆ ಪರೀಕ್ಷೆ ಮಾಡಬೇಕಾದದ್ದೇ ಅನುಮತಿ ಕೊಡುವ ಕಚೇರಿಗಳ ಕೆಲಸ.

ಏಕೆಂದರೆ ಮಂಡಳಿ ನೀರು ಹಂಚಿತೇ ಹೊರತು ಕೆಲಸಕ್ಕೆ ಪರವಾನಗಿ ಕೊಡಲಿಲ್ಲ. ಯೋಜನಾ ವರದಿಯನ್ನು ಹೊಸದಾಗಿ ಮಾಡಿ, ಕಾನೂನು ಕೇಳುವ ಅನುಮತಿಗಳನ್ನೆಲ್ಲ ಪಡೆಯಿರಿ ಎಂದಿತು. ಅಲ್ಲಿಂದ ಮತ್ತೆ ಅದೇ ಪದದ ಆಟ. 2019ರ ಅಕ್ಟೋಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಇದು ಕುಡಿಯುವ ನೀರಿನ ಯೋಜನೆ, ಪರಿಸರ ಅನುಮತಿ ಬೇಕಿಲ್ಲ ಎಂದು ಪತ್ರ ಬರೆಯಿತು. ಡಿಸೆಂಬರಿನಲ್ಲಿ ಆ ಪತ್ರವನ್ನು ತಡೆಹಿಡಿಯಿತು. 2020ರ ಫೆಬ್ರುವರಿ 27ರಂದು ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾಯಿತು. ತೆರೆದ ಕಾಲುವೆ ಬಿಟ್ಟು ನೀರೆತ್ತಿ ಕೊಳವೆಯಲ್ಲಿ ಸಾಗಿಸುವ ಹೊಸ ವರದಿ ತಯಾರಾಯಿತು. ಬೇಕಾಗುವ ಕಾಡೂ ಕಡಿಮೆಯಾಯಿತು. 2022ರ ಡಿಸೆಂಬರ್ 29ರಂದು, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿದ್ದಾಗಲೇ, ಕೇಂದ್ರ ಜಲ ಆಯೋಗ ಆ ವರದಿಗೆ ಒಪ್ಪಿಗೆ ಕೊಟ್ಟ ಸುದ್ದಿಯನ್ನು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸದನಕ್ಕೆ ತಿಳಿಸಿದರು.

ಹತ್ತೇ ದಿನಗಳ ಆಸುಪಾಸಿನಲ್ಲಿ ಗೋವೆಯಿಂದ ಇನ್ನೊಂದು ಕಾಗದ ಬಂತು. ಅಲ್ಲಿನ ಮುಖ್ಯ ವನ್ಯಜೀವಿ ವಾರ್ಡನ್ನರು ಕರ್ನಾಟಕದ ನೀರಾವರಿ ನಿಗಮಕ್ಕೆ ಕಾರಣ ಕೇಳಿ ನೋಟಿಸ್ ಕೊಟ್ಟರು. ಆಧಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮು. ಅಭಯಾರಣ್ಯದೊಳಗೆ ಬರುವ ಅಥವಾ ಹೊರಗೆ ಹೋಗುವ ನೀರಿನ ಹರಿವನ್ನು ವಾರ್ಡನ್ನರ ಪರವಾನಗಿ ಇಲ್ಲದೆ ಯಾರೂ ತಿರುಗಿಸುವಂತಿಲ್ಲ, ನಿಲ್ಲಿಸುವಂತಿಲ್ಲ, ಹೆಚ್ಚಿಸುವಂತಿಲ್ಲ; ಆ ಬದಲಾವಣೆ ವನ್ಯಜೀವಿಗಳ ಒಳಿತಿಗೇ ಬೇಕಾದದ್ದು ಎಂದಾದರೆ ಮಾತ್ರ ಪರವಾನಗಿ ಕೊಡಬಹುದು ಎನ್ನುತ್ತದೆ ಅದು. ಮಹದಾಯಿ ಗೋವೆಯೊಳಗೆ ಹಾಯುವ ಕಾಡು 1999ರಲ್ಲಿ ಅಭಯಾರಣ್ಯವಾಗಿತ್ತು. ನಮ್ಮ ಕಡೆಯ ಭೀಮಗಡವೂ 2011ರಲ್ಲಿ ಅಭಯಾರಣ್ಯವಾಯಿತು. ಹೊಳೆ ಹುಟ್ಟುವುದು ಒಂದು ರಾಜ್ಯದಲ್ಲಿ. ಅದರ ಹರಿವಿನ ಪರವಾನಗಿ ಇನ್ನೊಂದು ರಾಜ್ಯದ ಅಧಿಕಾರಿಯ ಕೈಯಲ್ಲಿ. ಅನುಮತಿಗಳಿಲ್ಲದೆ ಕೆಲಸ ಕೂಡದೆಂದು ಸುಪ್ರೀಂ ಕೋರ್ಟ್ ಕೂಡ 2023ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿತು. 2024ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯ ಮುಂದೆ ಕಳಸಾದ ಸುಮಾರು 10.68 ಹೆಕ್ಟೇರ್ ಕಾಡಿನ ವಿಷಯ ಬಂದಾಗ, ಅದನ್ನು ಮುಂದೂಡಲಾಯಿತು.

ಒಂದು ರಾಜ್ಯದ ನೀರಿನ ಪರವಾನಗಿ ದೊಡ್ಡ ಯೋಜನೆಯೊಂದನ್ನು ನಿಲ್ಲಿಸುವುದು ನಮ್ಮಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಅಮೆರಿಕದಲ್ಲಿ ಅನಿಲ ಕೊಳವೆಗಳ ಚರಿತ್ರೆಯೇ ಇದರ ಸುತ್ತ ತಿರುಗಿದೆ. ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಗೇಲ್ ಸಂಸ್ಥೆಯ ಅನಿಲ ಕೊಳವೆ ಬೆಳಗಾವಿ ಜಿಲ್ಲೆಯ ಹೊಲಗಳ ಕೆಳಗೇ ಹಾದಿದೆಯಾದ್ದರಿಂದ ಅಂಥ ಕೊಳವೆ ನಮಗೆ ಅಪರಿಚಿತವಲ್ಲ. ಅಲ್ಲಿ ಇಂಥ ಕೊಳವೆಗೆ ಒಪ್ಪಿಗೆ ಕೊಡುವುದು ಕೇಂದ್ರದ ಆಯೋಗ. ಆದರೆ 1972ರ ಶುದ್ಧ ಜಲ ಕಾಯ್ದೆಯ 401ನೇ ಕಲಮಿನ ಪ್ರಕಾರ, ಈ ಕೆಲಸದಿಂದ ನಮ್ಮ ಹೊಳೆಹಳ್ಳಗಳ ನೀರು ಕೆಡುವುದಿಲ್ಲ ಎಂದು ಆಯಾ ರಾಜ್ಯ ಪ್ರಮಾಣಪತ್ರ ಕೊಡಬೇಕು. ಕೊಡದಿದ್ದರೆ ಕೇಂದ್ರದ ಒಪ್ಪಿಗೆಯೂ ಕೆಲಸಕ್ಕೆ ಬಾರದು.

ಪೆನ್ಸಿಲ್ವೇನಿಯಾದಿಂದ ನ್ಯೂಯಾರ್ಕ್ ರಾಜ್ಯಕ್ಕೆ ಸುಮಾರು 200 ಕಿ.ಮೀ. ಉದ್ದದ ‘ಕಾನ್‌ಸ್ಟಿಟ್ಯೂಷನ್’ ಎಂಬ ಕೊಳವೆ ಹಾಕಲು 2014ರ ಡಿಸೆಂಬರಿನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತ್ತು. ನ್ಯೂಯಾರ್ಕಿನ ಉತ್ತರ ಬರುವ ಮೊದಲೇ ಪೆನ್ಸಿಲ್ವೇನಿಯಾದ ಕಡೆ ಕೊಳವೆಯ ದಾರಿಗಾಗಿ ಮರ ಕಡಿದರು. 2016ರ ಏಪ್ರಿಲ್ 22ರಂದು ನ್ಯೂಯಾರ್ಕಿನ ಪರಿಸರ ಇಲಾಖೆ ‘ಇಲ್ಲ’ ಎಂದಿತು. ಕೊಳವೆ 250ರಷ್ಟು ತೊರೆಗಳನ್ನು ದಾಟುತ್ತದೆ, ಅವುಗಳ ನೀರು ಕೆಡುವುದಿಲ್ಲ ಎಂದು ತೋರಿಸಲು ಬೇಕಾದ ಮಾಹಿತಿಯನ್ನು ಕಂಪನಿ ಕೊಟ್ಟಿಲ್ಲ ಎಂಬುದು ಅದರ ಕಾರಣ. ಕಂಪನಿ ಕೋರ್ಟಿಗೆ ಹೋಯಿತು. ಮಾಹಿತಿಯ ಕೊರತೆಯ ಆಧಾರದ ಮೇಲೆ ನಿರಾಕರಿಸಿದ್ದು ಸರಿ ಎಂದು 2017ರಲ್ಲಿ ಕೋರ್ಟ್ ಹೇಳಿತು. 2020ರ ಫೆಬ್ರುವರಿಯಲ್ಲಿ ಕಂಪನಿ ಯೋಜನೆ ಕೈಬಿಟ್ಟಿತು. 2025ರಲ್ಲಿ ಅದನ್ನು ಮತ್ತೆ ಎಬ್ಬಿಸುವ ಪ್ರಯತ್ನವೂ ನಡೆಯಿತು.

ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ಹೇಳಲು ಈ ಕತೆ ತೆಗೆದದ್ದಲ್ಲ. ಅಲ್ಲೂ ಪರವಾನಗಿ ರಾಜಕೀಯದ ಆಯುಧವೇ. ಆದರೆ ಆ ಕಲಮಿನಲ್ಲಿ ಒಂದು ಸಣ್ಣ ಷರತ್ತಿದೆ: ಅರ್ಜಿ ಬಂದ ಒಂದು ವರ್ಷದೊಳಗೆ ರಾಜ್ಯ ಉತ್ತರ ಹೇಳಬೇಕು. ಹೇಳದೆ ಸುಮ್ಮನಿದ್ದರೆ ಆ ಹಕ್ಕನ್ನು ಬಿಟ್ಟುಕೊಟ್ಟಂತೆ. ಅರ್ಜಿಯನ್ನು ಹಿಂದೆ ತೆಗೆಸಿ ಮತ್ತೆ ಹಾಕಿಸಿ ಕಾಲ ತಳ್ಳಿದ್ದನ್ನೇ ಹಿಡಿದು, ನ್ಯೂಯಾರ್ಕ್ ತನ್ನ ಹಕ್ಕು ಕಳೆದುಕೊಂಡಿದೆ ಎಂದು 2019ರಲ್ಲಿ ಕೇಂದ್ರದ ಆಯೋಗ ಹೇಳಿಯೂ ಹೇಳಿತು. ಮೌನಕ್ಕೆ ಅಲ್ಲಿ ಬೆಲೆ ತೆರಬೇಕು. ನಮ್ಮಲ್ಲಿ ತಡೆಹಿಡಿದವರು ಏನನ್ನೂ ತೆರಬೇಕಿಲ್ಲ. ಕೇಂದ್ರದಲ್ಲಿ ಯಾವ ಪಕ್ಷವಿದ್ದರೂ ಅದಕ್ಕೆ ಕರ್ನಾಟಕದಲ್ಲೂ ಮತ ಬೇಕು, ಗೋವೆಯಲ್ಲೂ ಬೇಕು. ‘ಹೌದು’ ಎಂದರೆ ಒಂದು ಕಡೆ ನಷ್ಟ, ‘ಇಲ್ಲ’ ಎಂದರೆ ಇನ್ನೊಂದು ಕಡೆ. ತಡೆಹಿಡಿದರೆ ಎರಡೂ ಕಡೆ ಆಸೆಯನ್ನು ಜೀವಂತ ಇಡಬಹುದು.

ಈ ತಡೆಯ ಖರ್ಚನ್ನು ಭರಿಸಿದವರು ಬೇರೆ. ನರಗುಂದದ ರೈತರಿಗೆ ಸರ್ಕಾರಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ‘ಇನ್ನೇನು ಬಂತು’ ಎಂದವು. 2002ರಲ್ಲೇ ಕಾರಣ ಸಹಿತ ‘ಇಲ್ಲ’ ಎಂದಿದ್ದರೆ, ಹುಬ್ಬಳ್ಳಿ–ಧಾರವಾಡ ತನ್ನ ಸೋರುವ ಪೈಪುಗಳನ್ನೂ ಹೂಳು ತುಂಬಿದ ಕೆರೆಗಳನ್ನೂ ಅಂದೇ ಗಂಭೀರವಾಗಿ ನೋಡಬೇಕಾಗುತ್ತಿತ್ತು. ‘ಹೌದು’ ಎಂದಿದ್ದರೆ, ಯಾವ ತಿಂಗಳಲ್ಲಿ ಎಷ್ಟು ತೆಗೆಯಬಹುದು, ಬೇಸಿಗೆಯಲ್ಲಿ ಎಷ್ಟು ಬಿಡಬೇಕು ಎಂಬ ಷರತ್ತುಗಳನ್ನಾದರೂ ಗೋವಾ ಕೇಳಿ ಪಡೆಯಬಹುದಿತ್ತು. ಎರಡೂ ಆಗಲಿಲ್ಲ.

ಎಲ್ಲರಿಗಿಂತ ಹೆಚ್ಚು ತೆತ್ತದ್ದು ಕಣಕುಂಬಿ. ಅನುಮತಿಗೆ ಮೊದಲೇ ಅಗೆದ ಕಾಲುವೆ ಊರಿನ ಪಕ್ಕದಲ್ಲಿ ಅರ್ಧಕ್ಕೆ ನಿಂತಿತು. ಊರು ಕಾಲುವೆಯನ್ನೂ ಪಡೆಯಲಿಲ್ಲ, ಹಳೆಯ ನೆಲವನ್ನೂ ಉಳಿಸಿಕೊಳ್ಳಲಿಲ್ಲ. ಜಾಂಬೋಟಿಯಿಂದಾಚೆಯ ಈ ಕಾಡಿನ ಸೀಮೆಯ ಎಷ್ಟೋ ಮನೆಗಳಲ್ಲಿ ಮರಾಠಿಯೂ ಕೊಂಕಣಿಯೂ ಮನೆಮಾತು. ಬೆಂಗಳೂರಿನ ಭಾಷಣದಲ್ಲಾಗಲಿ ಪಣಜಿಯ ಭಾಷಣದಲ್ಲಾಗಲಿ ಇವರ ಹೆಸರು ಬರುವುದು ಅಪರೂಪ. ಮಂಡಳಿಯ ಮುಂದೆ ವಾದಿಸಿದ್ದು ಮೂರು ಸರ್ಕಾರಗಳು. ಹಳ್ಳದ ಪಕ್ಕದಲ್ಲೇ ಬದುಕುವವರಿಗೆ ಅಲ್ಲಿ ಪ್ರತ್ಯೇಕ ಕುರ್ಚಿ ಇರಲಿಲ್ಲ. ಕುಡಿಯುವ ನೀರಿನ ಯೋಜನೆಗೆ ಪರಿಸರ ಅನುಮತಿ ಬೇಕಿಲ್ಲ ಎಂದಾಗ ನಾವು ಸಂಭ್ರಮಪಟ್ಟೆವು; ಆ ಅನುಮತಿಯ ಜೊತೆಗೇ ಬರುವ ಸಾರ್ವಜನಿಕ ಅಹವಾಲು, ಅಂದರೆ ಊರಿನವರು ಎದ್ದು ನಿಂತು ಮಾತಾಡಬಹುದಾದ ಒಂದೇ ಒಂದು ಸಭೆ, ಅದರ ಜೊತೆ ಹೋಯಿತು ಎಂಬುದನ್ನು ಗಮನಿಸಲಿಲ್ಲ.

2023ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ತೀರ್ಪಿನ ಜಾರಿಗಾಗಿ ‘ಪ್ರವಾಹ್’ ಎಂಬ ಪ್ರಾಧಿಕಾರಕ್ಕೆ ಒಪ್ಪಿಗೆ ಕೊಟ್ಟಿತು. 2024ರ ಜುಲೈಯಲ್ಲಿ ಅದರ ಸದಸ್ಯರು ಬಂದು ಸ್ಥಳ ನೋಡಿ ಹೋದರು. ಹೆಸರಿನಲ್ಲಾದರೂ ಹರಿವು ಇದೆ. ಅದು ಮಾಡಬಹುದಾದ ಕೆಲಸ ದೊಡ್ಡದೇನಲ್ಲ: ಕಳಸಾ, ಬಂಡೂರಿ ಹಳ್ಳಗಳಲ್ಲಿ ತಿಂಗಳು ತಿಂಗಳೂ ಎಷ್ಟು ನೀರು ಹರಿಯುತ್ತದೆಂದು ಅಳೆದು, ಆ ಅಂಕಿಗಳನ್ನು ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ಎಲ್ಲರ ಮುಂದಿಡುವುದು; ಕಣಕುಂಬಿ, ನೇರಸಾ ಊರುಗಳಲ್ಲಿ ಕೂತು ಜನರ ಮಾತು ಕೇಳುವುದು. ಆಮೇಲೆ ಪರವಾನಗಿ ಕೊಡಬೇಕಾದ ಕಚೇರಿಗಳು ಒಂದು ಗೊತ್ತಾದ ದಿನದೊಳಗೆ ಹೌದು ಎನ್ನಲಿ, ಇಲ್ಲ ಎನ್ನಲಿ, ಯಾಕೆಂದು ಬರೆಯಲಿ. ಸೋತವರು ಆ ಕಾರಣವನ್ನು ಓದಿ ಕೋರ್ಟಿಗೆ ಹೋಗಬಹುದು, ಇಲ್ಲವೇ ಬೇರೆ ನೀರು ಹುಡುಕಿಕೊಳ್ಳಬಹುದು. ಕಾರಣವಿಲ್ಲದ ಕಾಗದದ ಎದುರು ಎರಡೂ ಸಾಧ್ಯವಿಲ್ಲ.