‘ಒಂದು ಷಿಲಿಂಗಿನ ದಾಯ’: ಆಂಗ್ಲ ನುಡಿಗಟ್ಟೊಂದರ ಅರ್ಥವಿಚಾರ

ಆಂಗ್ಲ ಸಾಹಿತ್ಯವನ್ನು ವ್ಯಾಸಂಗಮಾಡುವವರಿಗೆ ‘ಕಟ್ ಆಫ್ ವಿತ್ ಎ ಷಿಲಿಂಗ್’ ಎಂಬ ನುಡಿಗಟ್ಟು ಎದುರಾಗುವುದುಂಟು. ‘ಒಂದು ಷಿಲಿಂಗನ್ನು ಕೊಟ್ಟು ಬೇರ್ಪಡಿಸಿದನು’ ಎಂದು ಪದಶಃ ಅರ್ಥಮಾಡಿದರೆ, ಅಲ್ಪವಾದರೂ ಏನೋ ದೊರೆಯಿತೆಂಬ ಭಾವವುಂಟಾಗುತ್ತದೆ. ವಿವಕ್ಷಿತಾರ್ಥವಾದರೋ ಇದಕ್ಕೆ ವಿರುದ್ಧವಾದುದು: ಮರಣಶಾಸನದ ಮೂಲಕ ತಂದೆಯು ಮಗನನ್ನು ದಾಯದಿಂದ ಸಂಪೂರ್ಣವಾಗಿ ಹೊರಗಿಟ್ಟನೆಂಬುದೇ ಅದರ ತಾತ್ಪರ್ಯ.

ಏನನ್ನೂ ಕೊಡಲೊಲ್ಲದವನು ಒಂದು ಷಿಲಿಂಗನ್ನಾದರೂ ಏಕೆ ಕೊಡಬೇಕು? ವಿಲಿಯಂ ಬ್ಲ್ಯಾಕ್‌ಸ್ಟನ್ ಎಂಬ ನ್ಯಾಯಶಾಸ್ತ್ರಜ್ಞನು 1765ರಿಂದ 1769ರ ವರೆಗೆ ಪ್ರಕಟಿಸಿದ ತನ್ನ ವ್ಯಾಖ್ಯಾನಗ್ರಂಥದಲ್ಲಿ ಇದನ್ನು ವಿಚಾರಿಸಿದ್ದಾನೆ. ರೋಮನರಲ್ಲಿ ತಂದೆಯು ಮಕ್ಕಳನ್ನು ಅಕಾರಣವಾಗಿ ಕೈಬಿಟ್ಟರೆ, ಅವನು ಸ್ವಸ್ಥಚಿತ್ತನಾಗಿರಲಿಲ್ಲವೆಂಬ ನೆವದಿಂದ ಆ ಶಾಸನವನ್ನು ರದ್ದುಪಡಿಸಬಹುದಾಗಿತ್ತು. ಅತ್ಯಲ್ಪವನ್ನಾದರೂ ಮಗನಿಗೆ ಬರೆದಿದ್ದರೆ, ತಂದೆಗೆ ಸ್ಮೃತಿಯೂ ಬುದ್ಧಿಯೂ ನೆಟ್ಟಗಿದ್ದುವೆಂಬುದಕ್ಕೆ ಅದು ಪ್ರಮಾಣ. ಇಂಗ್ಲೆಂಡಿನಲ್ಲಿಯೂ ಷಿಲಿಂಗನ್ನು ಬರೆಯಲೇಬೇಕೆಂಬ ನಂಬಿಕೆ ಪ್ರಾಯಶಃ ಇದರಿಂದಲೇ ಹುಟ್ಟಿತೆಂದೂ, ಆದರೆ ಅದು ಆಧಾರವಿಲ್ಲದ ಜನಭ್ರಾಂತಿಯೆಂದೂ ಅವನ ನಿರ್ಣಯ. ಆಂಗ್ಲ ನ್ಯಾಯವು ಅಂತಹ ನಿಯಮವನ್ನು ವಿಧಿಸಿರಲಿಲ್ಲ.

ಆದುದರಿಂದ ಈ ಷಿಲಿಂಗು ದಾನವಲ್ಲ. ‘ನಿನ್ನನ್ನು ಮರೆತಿಲ್ಲ, ಬಲ್ಲೆನಾಗಿಯೇ ಬಿಟ್ಟಿದ್ದೇನೆ’ ಎಂಬುದರ ಸಾಕ್ಷಿ. ನುಡಿಗಟ್ಟಿನ ಕ್ರೌರ್ಯವೆಲ್ಲ ಇಲ್ಲಿಯೇ ಅಡಗಿದೆ. ಇನ್ನೊಂದು ಭೇದವನ್ನೂ ಗಮನಿಸಬೇಕು. ರೋಮನರಲ್ಲಿ ಮಗನಿಗೆ ನ್ಯಾಯವಾಗಿ ಸಲ್ಲಬೇಕಾದ ಭಾಗವೊಂದು ನಿಯತವಾಗಿತ್ತು. ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ, ಕಡಿಮೆ ಬರೆದಿದ್ದರೆ ಕೊರತೆಯನ್ನು ತುಂಬಿಸಿಕೊಳ್ಳಲು ಅವನಿಗೆ ಹಕ್ಕಿತ್ತು. ಇಂಗ್ಲೆಂಡಿನ ಜನರ ನಂಬಿಕೆಯಲ್ಲಿ ಉಳಿದದ್ದು ಕುರುಹು ಮಾತ್ರ. ಅದರ ಹಿಂದಿದ್ದ ಭಾಗವು ಉಳಿಯಲಿಲ್ಲ. ಅವಲಂಬಿಗಳ ಪೋಷಣೆಗೆ ಮೃತನ ಸ್ವತ್ತಿನಿಂದ ಕೊಡಿಸುವ ಅಧಿಕಾರವು ಅಲ್ಲಿಯ ನ್ಯಾಯಾಲಯಗಳಿಗೆ ಬಂದದ್ದು 1938ರ ಶಾಸನದಿಂದ.

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯ ಮತದಲ್ಲಿ ಪಿತಾಮಹಾರ್ಜಿತ ಸ್ವತ್ತಿನ ಮೇಲೆ ಮಗನಿಗೆ ಜನ್ಮದಿಂದಲೇ ಸ್ವತ್ವವುಂಟು. ಅಂತಹ ಸ್ವತ್ತಿನಲ್ಲಿ ಮಗನ ಭಾಗವನ್ನು ತಂದೆಯ ಇಚ್ಛೆಯು ಕಿತ್ತುಕೊಳ್ಳಲಾರದು. ಆ ಮತದಲ್ಲಿ ಬೆಳೆದ ನಮ್ಮ ಓದುಗನಿಗೆ ಷಿಲಿಂಗಿನ ಮರ್ಮವು ತಾನಾಗಿ ಹೊಳೆಯದಿರುವುದು ಸಹಜ.

1971ರಲ್ಲಿ ಇಂಗ್ಲೆಂಡು ದಶಮಾಂಶ ನಾಣ್ಯಪದ್ಧತಿಗೆ ತಿರುಗಿ ಷಿಲಿಂಗಿನ ಎಣಿಕೆ ನಿಂತುಹೋಯಿತು, ನುಡಿಗಟ್ಟು ನಿಂತಿಲ್ಲ. ಕನ್ನಡಿಸುವವರು ‘ದಾಯಕ್ಕೆ ಎರವುಮಾಡಿದನು’ ಎಂದರೆ ಫಲಿತಾರ್ಥವು ಸಿದ್ಧಿಸುತ್ತದೆ; ಆದರೆ ಬುದ್ಧಿಪೂರ್ವಕವಾದ ಅವಮಾನವು ಜಾರಿಹೋಗುತ್ತದೆ. ಕಥೆಗೆ ಆ ಅವಮಾನವೇ ಪ್ರಾಣವಾಗಿರುವಲ್ಲಿ ಷಿಲಿಂಗನ್ನು ಉಳಿಸಿಕೊಂಡು, ಅದರ ಅರ್ಥವನ್ನು ವಾಕ್ಯದಲ್ಲಿಯೇ ಬಿಡಿಸಿ ಹೇಳುವುದು ಯುಕ್ತ.