ಸಿ ಡ್ರೈವ್ ಕೆಂಪಾದರೆ ವೈರಸ್ ಬಂದಿದೆಯೇ? ‘ಸಿಸ್ಟಂ32’ ಅಳಿಸಿದರೆ ಜಾಗ ಸಿಗುತ್ತದೆಯೇ?

ಹರಿದಾಡುತ್ತಿರುವ ಸಂದೇಶ: ಕಂಪ್ಯೂಟರಿನ ಸಿ ಡ್ರೈವ್ ಕೆಂಪು ಬಣ್ಣಕ್ಕೆ ತಿರುಗಿದರೆ ವೈರಸ್ ಸೇರಿದೆ ಎಂದರ್ಥ. ‘ಸಿಸ್ಟಂ32’ ಎಂಬ ಫೋಲ್ಡರ್ ಅಳಿಸಿದರೆ ಜಾಗ ಖಾಲಿಯಾಗಿ ಕಂಪ್ಯೂಟರ್ ಹೊಸದರಂತೆ ಓಡುತ್ತದೆ.

ನಿಜಾಂಶ: ಎರಡೂ ಸುಳ್ಳು. ಕೆಂಪು ಬಣ್ಣ ಹೇಳುವುದು ಜಾಗ ಮುಗಿಯುತ್ತಿದೆ ಎಂದಷ್ಟೇ. ಸಿಸ್ಟಂ32 ಅಳಿಸಿದರೆ ಕಂಪ್ಯೂಟರ್ ಆನ್ ಆಗುವುದೇ ನಿಲ್ಲಬಹುದು.

ಕೊಟ್ಟೂರಿನ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಆಗಿದ್ದೂ ಇದೇ. ಗುರು ಬಸವೇಶ್ವರ ಸ್ವಾಮಿಯ ತೇರು ಮುಗಿದ ಮೇಲೆ ಮನೆಮಂದಿಯ ಫೋನಿನಲ್ಲಿದ್ದ ಫೋಟೊ, ವಿಡಿಯೊಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವುದು ಅವರ ರೂಢಿ. ಒಂದು ವರ್ಷ ಡ್ರೈವ್ ಕೆಂಪಾಯಿತು. ಗ್ರೂಪಿನಲ್ಲಿ ಬಂದ ಸಲಹೆ ನೋಡಿ ಫೈಲ್ ಅಳಿಸಿದರು. ಮರುದಿನ ಕಂಪ್ಯೂಟರ್ ಆನ್ ಆಗಲಿಲ್ಲ. ಹೊಸದಾಗಿ ವಿಂಡೋಸ್ ಹಾಕಿಸುವಾಗ ಸಿ ಡ್ರೈವ್ ಫಾರ್ಮ್ಯಾಟ್ ಆಯಿತು. ಫೋಟೊಗಳು ಡೆಸ್ಕ್‌ಟಾಪ್ ಮೇಲಿದ್ದವು. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲೇ ಎಂದು ಯಾರಿಗೂ ಗೊತ್ತಿರಲಿಲ್ಲ. ತೀರಿಕೊಂಡ ಅಜ್ಜಿ ತೇರಿಗೆ ಬಾಳೆಹಣ್ಣು ಎಸೆಯುವ ವಿಡಿಯೊ ಮತ್ತೆ ಸಿಗಲಿಲ್ಲ.

ಕೆಂಪು ಪಟ್ಟಿ ಏನು ಹೇಳುತ್ತದೆ?

ಡ್ರೈವ್‌ನಲ್ಲಿ ಖಾಲಿ ಜಾಗ 10%ಗಿಂತ ಕಡಿಮೆಯಾದಾಗ ವಿಂಡೋಸ್ ಆ ಪಟ್ಟಿಯನ್ನು ಕೆಂಪಾಗಿ ತೋರಿಸುತ್ತದೆ. ಅಪ್‌ಡೇಟ್ ಇಳಿಸಿಕೊಳ್ಳಲು ಮತ್ತು ತಾತ್ಕಾಲಿಕ ಫೈಲ್ ಬರೆದುಕೊಳ್ಳಲು ವಿಂಡೋಸ್‌ಗೆ ಖಾಲಿ ಜಾಗ ಬೇಕು. ಅದಿಲ್ಲದಿದ್ದರೆ ಕಂಪ್ಯೂಟರ್ ನಿಧಾನವಾಗುತ್ತದೆ, ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತದೆ.

‘1 ಟಿಬಿ ಎಂದು ಕೊಂಡ ಡಿಸ್ಕ್ 931 ಜಿಬಿ ತೋರಿಸುತ್ತಿದೆ, ಉಳಿದದ್ದನ್ನು ವೈರಸ್ ತಿಂದಿದೆ’ ಎಂಬುದೂ ತಪ್ಪು. ಡಿಸ್ಕ್ ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಜಾಗ ಒಂದೇ, ಅಳತೆಗೋಲು ಬೇರೆ.

ಈ ಸುಳ್ಳು ಹೊಸದೇನಲ್ಲ

2001ರಲ್ಲಿ ‘ಸಲ್ಫ್‌ಎನ್‌ಬಿಕೆ’ ಎಂಬ ಫೈಲ್ ವೈರಸ್, ಅಳಿಸಿ ಎಂಬ ಇಮೇಲ್ ಜಗತ್ತೆಲ್ಲ ಹರಡಿತ್ತು. ಅದು ಉದ್ದದ ಫೈಲ್ ಹೆಸರುಗಳನ್ನು ಸರಿಪಡಿಸಲು ವಿಂಡೋಸ್ ಜೊತೆಗೇ ಬರುತ್ತಿದ್ದ ಫೈಲ್. 2002ರಲ್ಲಿ ಕರಡಿಮರಿ ಚಿತ್ರವಿದ್ದ ಇನ್ನೊಂದು ಫೈಲ್ ಬಗ್ಗೆ ಇದೇ ಕತೆ ಹಬ್ಬಿತು. ಅದೂ ವಿಂಡೋಸ್‌ನದೇ. ಎರಡು ಸಲವೂ ಹಾನಿ ಮಾಡಿದ್ದು ವೈರಸ್ ಅಲ್ಲ, ಫಾರ್ವರ್ಡ್. ಸಿಸ್ಟಂ32ರಲ್ಲಿ ವಿಂಡೋಸ್ ನಡೆಯಲು ಬೇಕಾದ ಮುಖ್ಯ ಫೈಲ್‌ಗಳಿವೆ. ಈಗಿನ ವಿಂಡೋಸ್ ಅವನ್ನು ಅಳಿಸಲು ಸುಲಭವಾಗಿ ಬಿಡುವುದಿಲ್ಲ. ಆದರೆ ಸಂದೇಶದಲ್ಲಿ ಕೊಟ್ಟ ಕಮಾಂಡ್ ಹಾಕಿ ಅನುಮತಿ ಬದಲಿಸಿದರೆ ಆ ರಕ್ಷಣೆಯೂ ಉಳಿಯದು.

‘ಫಾಂಟ್ ಫೋಲ್ಡರ್ ಖಾಲಿ ಮಾಡಿ’ ಎಂಬ ಸಲಹೆಯೂ ಬೇಡ. ಅದರಿಂದ ಸಿಗುವ ಜಾಗ ಅತ್ಯಲ್ಪ. ನುಡಿ ಅಥವಾ ಬರಹದಲ್ಲಿ ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿದ ಹಳೆಯ ಅರ್ಜಿ, ಲಗ್ನಪತ್ರಿಕೆಗಳು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುತ್ತವೆ.

ಹಾಗಾದರೆ ಜಾಗ ತಿನ್ನುವುದು ಯಾವುದು?

ಮನೆ ಕಂಪ್ಯೂಟರಿನಲ್ಲಿ ಹೆಚ್ಚಾಗಿ ವಿಡಿಯೊಗಳು. ಫುಲ್ ಎಚ್‌ಡಿಯಲ್ಲಿ ತೆಗೆದ ಒಂದು ನಿಮಿಷದ ವಿಡಿಯೊ ಸುಮಾರು 100 ಎಂಬಿ ಆಗುತ್ತದೆ, 4ಕೆ ಆದರೆ 300 ಎಂಬಿ ದಾಟಬಹುದು. ಜೊತೆಗೆ ನಕಲುಗಳು. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಉರುಳಿದ ವಿಡಿಯೊ ಎಷ್ಟು ಗ್ರೂಪುಗಳಲ್ಲಿ ಬಂದಿತ್ತು ನೆನಪಿಸಿಕೊಳ್ಳಿ. ಅಂಥ ಒಂದೇ ವಿಡಿಯೊ ಬೇರೆ ಬೇರೆ ಹೆಸರಿನಲ್ಲಿ ಹತ್ತು ಸಲ ಕೂತಿರುತ್ತದೆ.

ಈ ಕ್ರಮದಲ್ಲಿ ಮಾಡಿ

1. ಮೊದಲು ಬೇಕಾದ ಫೋಟೊ, ಅಂಕಪಟ್ಟಿ, ಪಹಣಿ, ಆಧಾರ್ ಪ್ರತಿಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಅಲ್ಲಿ ಫೈಲ್ ತೆರೆಯುತ್ತದೆಯೇ ನೋಡಿ.

2. ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್‌ಗೆ ಹೋಗಿ. ಯಾವುದು ಎಷ್ಟು ಜಾಗ ಹಿಡಿದಿದೆ ಎಂದು ವಿಂಡೋಸೇ ತೋರಿಸುತ್ತದೆ.

3. ಅಲ್ಲೇ ‘ಟೆಂಪರರಿ ಫೈಲ್ಸ್’ ಅಳಿಸಬಹುದು. ಆದರೆ ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ನೀವು ಇಳಿಸಿಕೊಂಡ ಹಾಲ್ ಟಿಕೆಟ್, ಬಿಲ್ಲು ಎಲ್ಲವೂ ಹೋಗುತ್ತವೆ.

4. ರಿಸೈಕಲ್ ಬಿನ್ ನೋಡಿ ಖಾಲಿ ಮಾಡಿ. ಅದರಲ್ಲಿ ಇರುವವರೆಗೂ ಅಳಿಸಿದ ಫೈಲ್ ಜಾಗ ಹಿಡಿದೇ ಇರುತ್ತದೆ.

5. ಬಳಸದ ಗೇಮ್, ಸಾಫ್ಟ್‌ವೇರ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿ. ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್ ಅಳಿಸಿದರೆ ಜಾಗ ಸಿಗುವುದಿಲ್ಲ.

6. ಡಿ ಡ್ರೈವ್ ಖಾಲಿ ಇದ್ದರೆ ವಿಡಿಯೊಗಳನ್ನು ಅಲ್ಲಿಗೆ ಸಾಗಿಸಿ. ಸಾಫ್ಟ್‌ವೇರ್ ಫೋಲ್ಡರ್‌ಗಳನ್ನು ಹಾಗೆ ಎತ್ತಿ ಹಾಕಬೇಡಿ, ಅವು ಕೆಲಸ ನಿಲ್ಲಿಸುತ್ತವೆ.

ಫೋನಿನಲ್ಲೇ ಕಸ ಕಡಿಮೆ ಮಾಡಿದರೆ ಕಂಪ್ಯೂಟರಿಗೆ ಬರುವುದೂ ಕಡಿಮೆ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನಿರ್ವಹಣೆ ತೆರೆದರೆ 5 ಎಂಬಿಗಿಂತ ದೊಡ್ಡ ಫೈಲ್‌ಗಳು, ಹಲವು ಸಲ ಫಾರ್ವರ್ಡ್ ಆದವುಗಳು ಬೇರೆಯಾಗಿ ಕಾಣುತ್ತವೆ. ಮೀಡಿಯಾ ಆಟೊ ಡೌನ್‌ಲೋಡ್ ಆಫ್ ಮಾಡಿ.

‘ಕ್ಲೌಡ್‌ನಲ್ಲಿದೆ, ಇಲ್ಲಿ ಅಳಿಸಿದರೆ ಪರವಾಗಿಲ್ಲ’ — ನಿಜವೇ?

ಯಾವಾಗಲೂ ಅಲ್ಲ. ಒನ್‌ಡ್ರೈವ್ ಫೋಲ್ಡರ್‌ನಲ್ಲಿ ಫೈಲ್ ಡಿಲೀಟ್ ಮಾಡಿದರೆ ಕ್ಲೌಡ್‌ನಿಂದಲೂ ಹೋಗುತ್ತದೆ. ಜಾಗ ಮಾತ್ರ ಬೇಕಿದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಫ್ರೀ ಅಪ್ ಸ್ಪೇಸ್’ ಒತ್ತಬೇಕು. ಹಾಗೆಯೇ ಎಲ್ಲವನ್ನೂ ಒಂದು ಪೆನ್ ಡ್ರೈವ್‌ಗೆ ಸಾಗಿಸಿ ಕಂಪ್ಯೂಟರಿನಿಂದ ಅಳಿಸಿದರೆ ಅದು ಬ್ಯಾಕಪ್ ಅಲ್ಲ. ಪ್ರತಿ ಒಂದೇ ಉಳಿಯಿತು, ಜಾಗ ಬದಲಾಯಿತು ಅಷ್ಟೆ. ಬೇಕೇ ಬೇಕಾದದ್ದು ಎರಡು ಕಡೆ ಇರಲಿ.

ಅಳಿಸಿದ್ದು ಮರಳಿ ಸಿಗುತ್ತದೆಯೇ?

ರಿಸೈಕಲ್ ಬಿನ್‌ನಲ್ಲಿದ್ದರೆ ಸಿಗುತ್ತದೆ. ಅದೂ ಖಾಲಿಯಾಗಿದ್ದರೆ ಕಂಪ್ಯೂಟರ್ ಬಳಸುವುದನ್ನು ತಕ್ಷಣ ನಿಲ್ಲಿಸಿ. ಹೊಸ ಫೈಲ್ ಬಂದು ಅದೇ ಜಾಗದಲ್ಲಿ ಕೂತರೆ ಹಳೆಯದು ಹೋದಂತೆಯೇ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಸ್ವಲ್ಪ ಆಸೆ ಇದೆ. ಎಸ್‌ಎಸ್‌ಡಿ ಅಳಿಸಿದ ಜಾಗವನ್ನು ತಾನೇ ಸ್ವಚ್ಛ ಮಾಡಿಕೊಳ್ಳುವುದರಿಂದ ಅಲ್ಲಿ ಆಸೆ ತೀರಾ ಕಡಿಮೆ.

‘ನಿಮ್ಮ ಡಿಸ್ಕ್ ತುಂಬಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಬ್ರೌಸರ್‌ನಲ್ಲಿ ಕಿಟಕಿ ತೆರೆದರೆ ಮುಚ್ಚಿಬಿಡಿ. ಹಣ ಕಳೆದುಕೊಂಡಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಯಾವುದಾದರೂ ಫೈಲ್ ಅಳಿಸಿ ಎಂಬ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಒಂದು ಮಾತು ಹೇಳಿ: ಫೈಲ್ ನಿಮ್ಮದಲ್ಲದಿದ್ದರೆ ಮುಟ್ಟಬೇಡಿ, ನಿಮ್ಮದಾಗಿದ್ದರೆ ಕಾಪಿ ಮಾಡದೆ ಅಳಿಸಬೇಡಿ.